ದಿನಾ ಹಾಕಿಕೊಳ್ಳಲು ಟೈಟಾನಿಯಂ ಉಂಗುರ: ಅಳತೆ ಮೊದಲು, ಅಂದ ಆಮೇಲೆ

ಟೈಟಾನಿಯಂ ಉಂಗುರ ಕೊಂಡು ಪೇಚಾಡಿದವರ ಕತೆ ಹೆಚ್ಚುಕಡಿಮೆ ಒಂದೇ. ಫೋಟೋ ಇಷ್ಟವಾಯಿತು, ಸೈಜ್ ಅಂದಾಜಿನ ಮೇಲೆ ಹಾಕಿದರು, ಉಂಗುರ ಬಂತು, ಬಿಗಿಯಾಯಿತು. ಪರಿಚಯದ ಆಚಾರ್ರ ಹತ್ತಿರ ಒಯ್ದರು. ಅವರು ಕನ್ನಡಕ ಸರಿಮಾಡಿಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ನಮ್ಮ ಕೈಲಾಗೋ ಕೆಲಸ ಅಲ್ಲ, ಎಲ್ಲಿ ತಗೊಂಡ್ರೋ ಅಲ್ಲೇ ಕೊಡಿ" ಅಂದರು. ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ಒಳಗೆ ಹೆಸರು ಕೆತ್ತಿಸಿಬಿಟ್ಟಿದ್ದರಲ್ಲ!

ಇಲ್ಲಿ ತಪ್ಪಿದ್ದು ಕ್ರಮ. ಚಿನ್ನ ಕೊಳ್ಳುವಾಗ ನಾವು ಮೊದಲು ಡಿಸೈನ್ ನೋಡುತ್ತೇವೆ, ಆಮೇಲೆ ಗ್ರಾಂ, ಕೊನೆಗೆ ಅಳತೆ. ಅಳತೆ ಹೆಚ್ಚುಕಮ್ಮಿ ಆದರೆ ಆಚಾರ್ರು ಕತ್ತರಿಸಿ, ಬೆಸೆದು, ಮಾರನೇ ದಿನ ಕೊಡುತ್ತಾರೆ. ಟೈಟಾನಿಯಂ ಆ ಬೆಸುಗೆಗೆ ಬಗ್ಗುವುದಿಲ್ಲ. ಅದು ಕರಗಲು 1668 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಕರಗುವ ಮೊದಲೇ, ಕೆಂಪಗೆ ಕಾದ ಹೊತ್ತಿಗೆ, ಗಾಳಿಯಲ್ಲಿರುವ ಆಮ್ಲಜನಕ, ಸಾರಜನಕ ಹೀರಿಕೊಂಡು ಪೆಡಸಾಗುತ್ತದೆ. ಆರ್ಗಾನ್ ಅನಿಲದ ಮರೆಯಲ್ಲಿ ವೆಲ್ಡ್ ಮಾಡಬೇಕಾದ ಲೋಹ ಇದು. ಉಂಗುರ ಚಿಕ್ಕದಾದರೆ ಲೇಥ್‌ನಲ್ಲಿ (ಲೋಹವನ್ನು ತಿರುಗಿಸುತ್ತ ಕೊರೆಯುವ ಯಂತ್ರ) ಒಳಗಡೆ ಸ್ವಲ್ಪ ಕೊರೆದು ಹಿಗ್ಗಿಸಬಹುದು. ದೊಡ್ಡದಾದರೆ ಕುಗ್ಗಿಸಲು ದಾರಿಯೇ ಇಲ್ಲ.

ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಐದನೇ ಹಂತಕ್ಕೆ ಬರುವ ತನಕ ಬಣ್ಣ, ಡಿಸೈನ್ ನೋಡಲೇಬೇಡಿ. ಕಷ್ಟ, ಗೊತ್ತು.

ಬೇಕಾಗುವ ಸಾಮಾನು

ಅಳತೆ ಉಂಗುರಗಳ ಗೊಂಚಲು. ಚಿನ್ನದಂಗಡಿಯಲ್ಲಿ ಕೀ ಗೊಂಚಲಿನ ಹಾಗೆ ನೇತಾಡುತ್ತಿರುತ್ತದಲ್ಲ, ಅದೇ. ಆನ್‌ಲೈನ್‌ನಲ್ಲಿ ಪ್ಲಾಸ್ಟಿಕ್ಕಿನದು ಅಗ್ಗಕ್ಕೆ ಸಿಗುತ್ತದೆ, ಒಂದು ಕೊಂಡಿಟ್ಟುಕೊಳ್ಳಿ.

ಒಳವ್ಯಾಸ, ದಪ್ಪವನ್ನು ನಿಖರವಾಗಿ ಅಳೆಯುವ ವರ್ನಿಯರ್ ಕ್ಯಾಲಿಪರ್, ಇದ್ದರೆ. 0.01 ಗ್ರಾಂವರೆಗೆ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ. ಒಂದು ಗಾಜಿನ ಲೋಟ, ಹೊಲಿಗೆ ದಾರ, ಒಂದು ಅಯಸ್ಕಾಂತ. ಬರೆದಿಟ್ಟುಕೊಳ್ಳಲು ಒಂದು ಚೀಟಿ. ಇಷ್ಟೇ.

ಹಂತ 1: ನಿಮ್ಮ ಕೈ ದಿನವಿಡೀ ಏನು ಮಾಡುತ್ತದೆ, ನೋಡಿ

ಈ ಹಂತವನ್ನು ಎಲ್ಲರೂ ಹಾರಿಸುತ್ತಾರೆ. ಅಪಾಯ ಇರುವುದು ಇಲ್ಲೇ.

ಉಂಗುರ ಎಲ್ಲಾದರೂ ಸಿಕ್ಕಿಕೊಂಡು ಮೈಭಾರವೆಲ್ಲ ಆ ಒಂದು ಬೆರಳಿನ ಮೇಲೆ ಬಿದ್ದರೆ ಬೆರಳಿನ ಚರ್ಮ ಗವಸಿನಂತೆ ಸುಲಿದು ಬರುತ್ತದೆ. ಓದಲು ಹಿತವಾಗಿಲ್ಲ, ಆದರೆ ಗೊತ್ತಿರಬೇಕು. ತೆಳು ಚಿನ್ನದ ಉಂಗುರವಾದರೆ ಬಾಗಿ, ಬಾಯಿಬಿಟ್ಟು ಬೆರಳನ್ನು ಉಳಿಸಬಹುದು. ಟೈಟಾನಿಯಂ ಅಷ್ಟು ಸುಲಭವಾಗಿ ಬಾಗುವುದಿಲ್ಲ. ಅದರ ಗಟ್ಟಿತನವೇ ಇಲ್ಲಿ ಶತ್ರು.

ಲೇಥ್, ಡ್ರಿಲ್ಲಿಂಗ್ ಮಷಿನ್ ಹತ್ತಿರ ಕೆಲಸ ಮಾಡುವವರು, ಅಡಿಕೆ ಸುಲಿಯುವ ಯಂತ್ರಕ್ಕೆ, ಮೇವು ಕತ್ತರಿಸುವ ಯಂತ್ರಕ್ಕೆ ಕೈ ಹಾಕುವವರು, ಲಾರಿ ಹತ್ತಿಳಿದು ಮೂಟೆ ಇಳಿಸುವವರು ಕೆಲಸದ ಹೊತ್ತಲ್ಲಿ ಯಾವ ಲೋಹದ ಉಂಗುರವನ್ನೂ ಹಾಕಬಾರದು. ಎಲೆಕ್ಟ್ರಿಷಿಯನ್‌ಗಳೂ ಅಷ್ಟೇ. ಕಾರಿನ ಬ್ಯಾಟರಿಯ ಪ್ಲಸ್ ಟರ್ಮಿನಲ್‌ಗೂ ಕಾರಿನ ಲೋಹದ ಮೈಗೂ ಉಂಗುರ ಒಟ್ಟಿಗೆ ತಾಗಿದರೆ ಸಾಕು, ಬೆರಳು ಸುಡುತ್ತದೆ. ಇಂಥವರಿಗೆ ಕೆಲಸಕ್ಕೆ ಸಿಲಿಕೋನ್ ಉಂಗುರ, ಮನೆಗೆ ಬಂದ ಮೇಲೆ ಟೈಟಾನಿಯಂ.

ಇನ್ನೊಂದು ಗುಂಪಿದೆ. ಬೆರಳ ಗಂಟುಗಳಲ್ಲಿ ಸಂಧಿವಾತ ಇರುವವರು, ಕೈಕಾಲು ಬಾವು ಬರುವ ತೊಂದರೆ ಇರುವವರು, ಗರ್ಭಿಣಿಯರು, ತೂಕ ಇಳಿಸುತ್ತಿರುವವರು. ಇವರ ಬೆರಳಿನ ಅಳತೆ ಬದಲಾಗುತ್ತಲೇ ಇರುತ್ತದೆ. ಅಳತೆ ಬದಲಾಯಿಸಲಾಗದ ಉಂಗುರ ಇವರಿಗೆ ಈಗ ಬೇಡ. ಬೆಳ್ಳಿ ಹಾಕಿಕೊಳ್ಳಿ, ಆಚಾರ್ರು ಇದ್ದಾರೆ.

ಹಂತ 2: ಬೆರಳು ಅಳೆಯಿರಿ, ಒಂದು ಸಲ ಅಲ್ಲ, ಒಂಬತ್ತು ಸಲ

ಬೆರಳು ದಿನವಿಡೀ ಒಂದೇ ಗಾತ್ರದಲ್ಲಿ ಇರುವುದಿಲ್ಲ. ಸೆಕೆಗೆ ಊದುತ್ತದೆ, ಚಳಿಗೆ ಕುಗ್ಗುತ್ತದೆ. ಮದುವೆ ಮನೆಯಲ್ಲಿ ಉಪ್ಪಿನಕಾಯಿ, ಹಪ್ಪಳ ಜಾಸ್ತಿ ಎಳೆದ ಮಾರನೇ ದಿನ ನೋಡಿ, ನಿತ್ಯದ ಉಂಗುರವೂ ಬಿಗಿ ಅನಿಸುತ್ತದೆ. ನನ್ನ ಮೊದಲ ಉಂಗುರಕ್ಕೆ ನಾನು ಅಳತೆ ತೆಗೆದದ್ದು ಜನವರಿಯ ಒಂದು ಬೆಳಗ್ಗೆ, ತಣ್ಣೀರಲ್ಲಿ ಕೈ ತೊಳೆದು ಬಂದ ಕೂಡಲೇ. ಏಪ್ರಿಲ್‌ನಲ್ಲಿ ಅದನ್ನು ಸೋಪು ಹಚ್ಚಿ ತೆಗೆಯಬೇಕಾಯಿತು.

ಕ್ರಮ ಹೀಗಿರಲಿ. ಮೂರು ಬೇರೆ ಬೇರೆ ದಿನ, ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಅಳೆಯಿರಿ. ಪ್ರತಿ ಸಲ ಚೀಟಿಯಲ್ಲಿ ಬರೆಯಿರಿ. ಒಂಬತ್ತು ಅಳತೆಯಲ್ಲಿ ಜಾಸ್ತಿ ಸಲ ಬಂದದ್ದು ನಿಮ್ಮ ಸೈಜ್. ಎರಡರ ನಡುವೆ ಓಲಾಡುತ್ತಿದ್ದರೆ ದೊಡ್ಡದನ್ನೇ ತೆಗೆದುಕೊಳ್ಳಿ. ವ್ಯಾಯಾಮ ಮಾಡಿ ಬಂದ ಕೂಡಲೇ, ಸ್ನಾನದಿಂದ ಎದ್ದ ಕೂಡಲೇ ಅಳೆಯಬೇಡಿ. ನೀವು ಮಂಗಳೂರಿನವರೋ ರಾಯಚೂರಿನವರೋ ಆಗಿದ್ದು ಡಿಸೆಂಬರ್‌ನಲ್ಲಿ ಅಳೆಯುತ್ತಿದ್ದರೆ, ಬೇಸಿಗೆಗೆಂದು ಸ್ವಲ್ಪ ಸಡಿಲ ಬಿಡಿ.

ಯಾವ ಬೆರಳಿಗೆ ಹಾಕುತ್ತೀರೋ ಅದೇ ಬೆರಳನ್ನು, ಅದೇ ಕೈಯಲ್ಲಿ ಅಳೆಯಬೇಕು. ಬಲಗೈ ಬಳಸುವವರ ಬಲಗೈ ಬೆರಳು ಸಾಮಾನ್ಯವಾಗಿ ಎಡಗೈಯದ್ದಕ್ಕಿಂತ ತುಸು ದಪ್ಪ ಇರುತ್ತದೆ. ಕೈಯಲ್ಲಿ ಕಲಸಿ ಊಟ ಮಾಡುವವರು ಎಡಗೈಗೆ ಹಾಕುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಕಾರಣ ಮುಂದೆ ಬರುತ್ತದೆ.

ಸರಿಯಾದ ಅಳತೆ ಗೊತ್ತಾಗುವುದು ಹೇಗೆ? ಹಾಕುವಾಗ ಬೆರಳಿನ ಗಂಟಿನ ಹತ್ತಿರ ಚೂರು ತಡೆದು ಒಳಗೆ ಹೋಗಬೇಕು. ತೆಗೆಯುವಾಗ ಸ್ವಲ್ಪ ತಿರುಚಿ ಎಳೆಯಬೇಕು. ಕೈಯನ್ನು ನೆಲದ ಕಡೆ ಇಳಿಬಿಟ್ಟು ಜೋರಾಗಿ ಕೊಡವಿದರೂ ಜಾರಬಾರದು. ಗಂಟು ದಪ್ಪ, ಬುಡ ಸಣ್ಣ ಇರುವ ಬೆರಳಾದರೆ ಗಂಟಿಗೆ ಹೊಂದುವ ಅಳತೆಯನ್ನೇ ಆರಿಸಬೇಕಾಗುತ್ತದೆ. ಬುಡದಲ್ಲಿ ಉಂಗುರ ಸುತ್ತುತ್ತಿರುತ್ತದೆ, ಸುತ್ತಲಿ ಬಿಡಿ. ಸಾದಾ ಉಂಗುರಕ್ಕೆ ಹಿಂದೆ ಯಾವುದು, ಮುಂದೆ ಯಾವುದು?

ದಾರ ಸುತ್ತಿ, ಕಾಗದದ ಪಟ್ಟಿ ಸುತ್ತಿ ಅಳೆಯುವುದನ್ನು ಬಿಟ್ಟುಬಿಡಿ. ದಾರ ಎಳೆದರೆ ಹಿಗ್ಗುತ್ತದೆ, ಕಾಗದ ಓರೆಯಾಗಿ ಸುತ್ತಿಕೊಳ್ಳುತ್ತದೆ. ನಮ್ಮ ದೇಶದ ಸೈಜ್ ಸಂಖ್ಯೆ ಬರುವುದು ಒಳಸುತ್ತಳತೆಯ ಮಿ.ಮೀ.ನಿಂದ 40 ಕಳೆದು. ಅಂದರೆ ಒಳಸುತ್ತು 60 ಮಿ.ಮೀ. ಇದ್ದರೆ ಸೈಜ್ 20. ಕಾಗದದಲ್ಲಿ ಒಂದೇ ಒಂದು ಮಿ.ಮೀ. ತಪ್ಪಿದರೂ ಒಂದು ಸೈಜ್ ಆಚೀಚೆ!

ಇನ್ನು ಅಮೆರಿಕದ ಲೆಕ್ಕವೇ ಬೇರೆ. ಅಲ್ಲಿಯ 7 ಅಂದರೆ ನಮ್ಮ ಸುಮಾರು 14, ಅಲ್ಲಿಯ 8 ನಮ್ಮ 17, ಅಲ್ಲಿಯ 10 ನಮ್ಮ 22. ಬ್ರಿಟನ್ನಿನವರು ಸಂಖ್ಯೆ ಬಿಟ್ಟು ಇಂಗ್ಲಿಷ್ ಅಕ್ಷರ ಬಳಸುತ್ತಾರೆ. ಈ ಗೋಜಲಿಗೆ ಹೋಗದೆ ಮಾರುವವರಿಗೆ ಒಳವ್ಯಾಸವನ್ನು ಮಿ.ಮೀ.ನಲ್ಲಿ ಹೇಳಿ. ಗೊಂಚಲಿನಲ್ಲಿ ನಿಮಗೆ ಹೊಂದಿದ ಅಳತೆ ಉಂಗುರವನ್ನು ಕ್ಯಾಲಿಪರ್‌ನಿಂದ ಒಳಗಡೆ ಅಳೆದರೆ ಆಯಿತು. ಕ್ಯಾಲಿಪರ್ ಇಲ್ಲದಿದ್ದರೆ ಒಳಸುತ್ತಳತೆಯನ್ನು 3.14ರಿಂದ ಭಾಗಿಸಿ. 60 ಮಿ.ಮೀ.ಗೆ 19.1 ಮಿ.ಮೀ. ಬರುತ್ತದೆ.

ಹಂತ 3: ಅಗಲ, ದಪ್ಪ, ಒಳಮೈ

ದಿನಬಳಕೆಗೆ 4ರಿಂದ 6 ಮಿ.ಮೀ. ಅಗಲ ಸಾಕು. 8 ಮಿ.ಮೀ. ಫೋಟೋದಲ್ಲಿ ಗಂಭೀರವಾಗಿ ಕಾಣುತ್ತದೆ, ಕೈಯಲ್ಲಿ ಪೈಪಿನ ತುಂಡು ಹಾಕಿಕೊಂಡ ಹಾಗಿರುತ್ತದೆ. ಗಿಡ್ಡ ಬೆರಳಿನವರಿಗಂತೂ ಬೇಡವೇ ಬೇಡ, ಬೆರಳು ಪೂರ್ತಿ ಮಡಚಲು ಬರುವುದಿಲ್ಲ.

ಅಗಲ ಹೆಚ್ಚಾದಷ್ಟೂ ಉಂಗುರ ಬಿಗಿ ಅನಿಸುತ್ತದೆ. ಗೊಂಚಲಿನ ಅಳತೆ ಉಂಗುರದ ಅಗಲ ಸಾಮಾನ್ಯವಾಗಿ ಕಡಿಮೆ ಇರುತ್ತದೆ, ನೀವು ಕೊಳ್ಳುವುದು ಅಗಲದ್ದು. 6 ಮಿ.ಮೀ. ದಾಟಿದರೆ ನಮ್ಮ ಲೆಕ್ಕದಲ್ಲಿ ಒಂದು ಸೈಜ್ ಜಾಸ್ತಿ ತೆಗೆದುಕೊಳ್ಳಿ. ಆದರೆ ಒಳಮೈ ಉಬ್ಬಾಗಿರುವ ಉಂಗುರವಾದರೆ, 'ಕಂಫರ್ಟ್ ಫಿಟ್' ಅನ್ನುತ್ತಾರಲ್ಲ, ಅದು ಚರ್ಮಕ್ಕೆ ತಾಗುವುದು ನಡುಭಾಗದಲ್ಲಿ ಮಾತ್ರ. ಹಾಗಾಗಿ ಸ್ವಲ್ಪ ಸಡಿಲ ಅನಿಸುತ್ತದೆ. ಅಗಲವೂ ಇದೆ, ಒಳ ಉಬ್ಬೂ ಇದೆ ಅಂದರೆ ಎರಡೂ ಒಂದಕ್ಕೊಂದು ವಜಾ, ಅಳೆದ ಸೈಜನ್ನೇ ಇಟ್ಟುಕೊಳ್ಳಿ.

ಒಳ ಉಬ್ಬಿನದನ್ನೇ ಕೊಳ್ಳಿ. ಬೆವರು, ನೀರು ಅಡಿಯಲ್ಲಿ ನಿಲ್ಲುವುದು ಕಡಿಮೆ. ಅಂಚು ಗುಂಡಗಿರಬೇಕು. ಇದನ್ನು ಪರೀಕ್ಷಿಸಲು ನನ್ನದೊಂದು ಉಪಾಯ: ಉಂಗುರ ಹಾಕಿಕೊಂಡು ಬೈಕಿನ ಕ್ಲಚ್ ಹತ್ತು ಸಲ ಒತ್ತಿ. ಬೈಕ್ ಇಲ್ಲವಾದರೆ ತುಂಬಿದ ಬಕೆಟ್ ಎತ್ತಿ. ಅಂಚು ಪಕ್ಕದ ಬೆರಳಿಗೆ ಚುಚ್ಚಿದರೆ ಬೆಂಗಳೂರಿನ ಟ್ರಾಫಿಕ್‌ನಲ್ಲಿ ಒಂದು ವಾರ ತಡೆಯುವುದಿಲ್ಲ ನೀವು.

ದಪ್ಪ 1.5ರಿಂದ 2 ಮಿ.ಮೀ. ನಡುವೆ ಇರಲಿ.

ಹಂತ 4: ಅದು ನಿಜವಾಗಿ ಟೈಟಾನಿಯಮ್ಮೇನಾ?

ಈಗ ಲೋಹ. ಅತಿ ಹೆಚ್ಚು ಜನ ಬೀಳುವ ಗುಂಡಿಯ ಹೆಸರು 'ಟೈಟಾನಿಯಂ ಸ್ಟೀಲ್'. ಆನ್‌ಲೈನ್‌ನಲ್ಲಿ ಈ ಹೆಸರಿನಲ್ಲಿ ಮಾರುವುದು ಸಾಮಾನ್ಯವಾಗಿ 316ಎಲ್ ಎಂಬ ಸ್ಟೇನ್‌ಲೆಸ್ ಸ್ಟೀಲ್. ಸ್ಟೀಲು ಕೆಟ್ಟದ್ದು ಅಂತಲ್ಲ, ಆದರೆ ಅದರಲ್ಲಿ ಶೇ. 10ಕ್ಕೂ ಹೆಚ್ಚು ನಿಕ್ಕಲ್ ಇರುತ್ತದೆ. ವಾಚಿನ ಬಕಲ್, ಅಗ್ಗದ ಓಲೆ ತಾಗಿದರೆ ತುರಿಕೆ ಬರುವವರು ಟೈಟಾನಿಯಂ ಹುಡುಕುವುದೇ ನಿಕ್ಕಲ್‌ನಿಂದ ತಪ್ಪಿಸಿಕೊಳ್ಳಲು. ಅವರ ಕೈಗೆ ಕೊನೆಗೆ ಬರುವುದು ಮತ್ತೆ ನಿಕ್ಕಲ್ಲೇ. 'ಟೈಟಾನಿಯಂ ಪ್ಲೇಟೆಡ್', 'ಟೈಟಾನಿಯಂ ಕಲರ್', 'ಟೈಟಾನಿಯಂ ಫಿನಿಶ್' ಎಲ್ಲವೂ ಇದೇ ಸಾಲಿನವು. ಚಿನ್ನದ ಬಣ್ಣದ 'ಟೈಟಾನಿಯಂ' ಉಂಗುರ ಕಂಡರೆ ಅದು ಯಾವುದೋ ಲೋಹದ ಮೇಲಿನ ತೆಳು ಲೇಪ ಇರಬಹುದು, ಒಳಗೇನಿದೆ ಎಂದು ಕೇಳಿ.

ಮಾರುವವರಿಗೆ ಒಂದೇ ಪ್ರಶ್ನೆ: "ಯಾವ ಗ್ರೇಡ್?" ಉತ್ತರ ಎರಡರಲ್ಲಿ ಒಂದಾಗಿರಬೇಕು. ಗ್ರೇಡ್ 2 ಎಂದರೆ ಬೆರಕೆ ಇಲ್ಲದ ಟೈಟಾನಿಯಂ. ಮೆದು, ಬೇಗ ಗೀರು ಬೀಳುತ್ತದೆ, ಆದರೆ ಚರ್ಮಕ್ಕೆ ಬಹಳ ಸಾಧು. ಗ್ರೇಡ್ 5 ಎಂದರೆ ಶೇ. 6 ಅಲ್ಯೂಮಿನಿಯಂ, ಶೇ. 4 ವನೇಡಿಯಂ ಸೇರಿಸಿದ್ದು. ಗಡಸುತನ ಗ್ರೇಡ್ 2ರ ಎರಡರಷ್ಟು. ಇದರ ಇನ್ನೂ ಶುದ್ಧ ರೂಪವಾದ ಗ್ರೇಡ್ 23 ಮೂಳೆಗೆ ಹಾಕುವ ಇಂಪ್ಲಾಂಟ್‌ಗಳಲ್ಲಿ ಬಳಕೆಯಾಗುತ್ತದೆ. ದಿನಾ ಹಾಕಲು ಗ್ರೇಡ್ 5 ಅಥವಾ 23. ಚರ್ಮ ತೀರಾ ಸೂಕ್ಷ್ಮವಾಗಿದ್ದರೆ ಗ್ರೇಡ್ 2. ಗ್ರೇಡ್ ಕೇಳಿದಾಗ "ಹೈ ಕ್ವಾಲಿಟಿ ಸಾರ್, ಫಸ್ಟ್ ಗ್ರೇಡ್" ಎಂಬ ಉತ್ತರ ಬಂದರೆ ನಮಸ್ಕಾರ ಹೇಳಿ ಹೊರಡಿ.

ಹಾಲ್‌ಮಾರ್ಕ್ ಹುಡುಕಬೇಡಿ. ಬಿಐಎಸ್ ಹಾಲ್‌ಮಾರ್ಕ್ ಇರುವುದು ಚಿನ್ನ, ಬೆಳ್ಳಿಗೆ. ಒರೆಗಲ್ಲಿಗೂ ಇಲ್ಲಿ ಕೆಲಸವಿಲ್ಲ. ಮರುಮಾರಾಟದ ಬೆಲೆಯೂ ಇಲ್ಲ, ಅಡ ಇಡಲೂ ಆಗುವುದಿಲ್ಲ. ಇದನ್ನು ಮನೆಯಲ್ಲಿ ಮೊದಲೇ ಹೇಳಿಬಿಡಿ. ನನ್ನ ದೊಡ್ಡಮ್ಮ ಬೂದು ಬಣ್ಣದ ಉಂಗುರ ನೋಡಿ ಕೇಳಿದ್ದು, "ಏನೋ ಇದು, ಶನಿ ಕಾಟಕ್ಕೆ ಕಬ್ಬಿಣದ ಉಂಗುರ ಹಾಕ್ಕೊಂಡ್ಯಾ?"

ಹಂತ 5: ಈಗ ಅಂದ ನೋಡಿ

ಮೊದಲು ಒಂದು ಸುಳ್ಳನ್ನು ಬದಿಗಿಡಿ: 'ಟೈಟಾನಿಯಂಗೆ ಗೀರು ಬೀಳಲ್ಲ'. ಬೀಳುತ್ತದೆ. ಮರಳಿನಲ್ಲಿರುವ, ಗ್ರಾನೈಟ್ ಕಲ್ಲಿನಲ್ಲಿರುವ ಸ್ಫಟಿಕ ಟೈಟಾನಿಯಂಗಿಂತ ಗಟ್ಟಿ. ಗ್ರಾನೈಟ್ ಅಡುಗೆಕಟ್ಟೆಗೆ ಕೈ ಉಜ್ಜಿದರೆ ಸಾಕು. ಗೀರೇ ಬೇಡ ಎನ್ನುವವರು ಟಂಗ್‌ಸ್ಟನ್ ಕಾರ್ಬೈಡ್ ಉಂಗುರ ಕೊಳ್ಳುತ್ತಾರೆ. ಅದು ಗೀರು ತಡೆಯುತ್ತದೆ ನಿಜ, ಕಲ್ಲು ನೆಲಕ್ಕೆ ಬಿದ್ದರೆ ಬಳೆಯಂತೆ ಒಡೆಯಬಹುದು. ಟೈಟಾನಿಯಂ ಒಡೆಯುವುದಿಲ್ಲ.

ಗೀರು ಬೀಳುವುದು ಖಚಿತ ಎಂದ ಮೇಲೆ ಅದು ಕಾಣದ ಮೇಲ್ಮೈ ಆರಿಸಿ. ಕನ್ನಡಿಯಂತೆ ಹೊಳೆಯುವ ಪಾಲಿಶ್ ಒಂದೇ ತಿಂಗಳಲ್ಲಿ ಮಂಕಾಗುತ್ತದೆ. ಸಣ್ಣ ಗೆರೆಗಳಿರುವ ಬ್ರಶ್ ಫಿನಿಶ್ ವರ್ಷಗಟ್ಟಲೆ ಹಾಗೇ ಕಾಣುತ್ತದೆ. ಇದರಲ್ಲಿ ಇನ್ನೊಂದು ಲಾಭ: ಗೀರು ಜಾಸ್ತಿಯಾದರೆ ಪಾತ್ರೆ ತೊಳೆಯುವ ಹಸಿರು ಸ್ಕ್ರಬ್ಬರ್ ತೆಗೆದುಕೊಂಡು, ಗೆರೆ ಇರುವ ದಿಕ್ಕಿನಲ್ಲೇ ಎರಡು ನಿಮಿಷ ಉಜ್ಜಿ. ಹೊಸದರಂತೆ ಆಗುತ್ತದೆ. ಬಣ್ಣ ಅಥವಾ ಲೇಪ ಇರುವ ಉಂಗುರಕ್ಕೆ ಮಾತ್ರ ಹೀಗೆ ಮಾಡಬೇಡಿ.

ಬಣ್ಣದ ಮಾತು. ನೀಲಿ, ನೇರಳೆ ಬಣ್ಣದ ಟೈಟಾನಿಯಂನಲ್ಲಿ ಪೇಂಟ್ ಇರುವುದಿಲ್ಲ. ದ್ರಾವಣದಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದಾಗ ಮೇಲೆ ಆಕ್ಸೈಡ್ ಪದರ ಬೆಳೆಯುತ್ತದೆ, ಅದರ ದಪ್ಪಕ್ಕೆ ತಕ್ಕ ಬಣ್ಣ ಕಾಣುತ್ತದೆ. ಪದರ ಎಷ್ಟು ತೆಳುವೆಂದರೆ ಅಂಗೈ ಕಡೆಯ ಬಣ್ಣ ಮೊದಲು ಸವೆದು ಬೂದಿ ಬಣ್ಣ ಇಣುಕುತ್ತದೆ. ಬಣ್ಣ ಬೇಕೇ ಬೇಕೆಂದರೆ ತಗ್ಗಾದ ಗೆರೆಯೊಳಗೆ ಮಾತ್ರ ಬಣ್ಣ ಇರುವುದನ್ನು ಆರಿಸಿ. ಕಪ್ಪು ಉಂಗುರ ಬಹುಪಾಲು ಲೇಪ. ಅದೂ ಅಂಚಿನಲ್ಲಿ ಸವೆಯುತ್ತದೆ.

ಗೆರೆ, ಕೆತ್ತನೆ, ತೂತು ಇರುವ ಡಿಸೈನ್ ಬಗ್ಗೆ ಯೋಚಿಸಿ. ನಾವು ಕೈಯಲ್ಲಿ ಕಲಸಿ ಉಣ್ಣುವ ಜನ. ಮುದ್ದೆ, ಹುಳಿಯನ್ನ, ಚಪಾತಿ ಹಿಟ್ಟು ಆ ಸಂದುಗಳಲ್ಲಿ ಹೋಗಿ ಕೂರುತ್ತದೆ, ಎರಡನೇ ದಿನಕ್ಕೆ ವಾಸನೆ. ಎಡಗೈಗೆ ಹಾಕಿ ಎಂದದ್ದು ಇದಕ್ಕೇ. ಮರ, ಕಾರ್ಬನ್ ಫೈಬರ್ ಕೂರಿಸಿದ ಉಂಗುರಗಳಲ್ಲಿ ಅವನ್ನು ಹಿಡಿದಿಟ್ಟಿರುವುದು ಅಂಟು. ದಿನಕ್ಕೆ ಹದಿನೈದು ಸಲ ಕೈ ತೊಳೆಯುವವರಿಗೆ ಅವು ಬೇಡ.

ಹರಳು? ಹರಳನ್ನು ಹಿಡಿದಿಡುವ ಟೈಟಾನಿಯಂ ಹಲ್ಲುಗಳು ಬಗ್ಗಿಸಿದರೆ ಪುಟಿದು ವಾಪಸ್ ಬರುತ್ತವೆ. ಚಿನ್ನದಲ್ಲಿ ಮಾಡಿದ ಹಾಗೆ ಹರಳನ್ನು ಒತ್ತಿ ಕೂರಿಸುವುದು ಕಷ್ಟ. ಅಗ್ಗದ ಉಂಗುರದಲ್ಲಿ ಹರಳು ಬಹಳ ಸಲ ಅಂಟಿನ ಮೇಲೆ ನಿಂತಿರುತ್ತದೆ. ಜಾತಕಕ್ಕೆಂದು ಪುಷ್ಯರಾಗವೋ ನೀಲವೋ ಹಾಕುವವರು ಬೆಳ್ಳಿ, ಪಂಚಲೋಹಕ್ಕೇ ಹೋಗಿ. ದಿನಬಳಕೆಯ ಟೈಟಾನಿಯಂ ಸಾದಾ ಇದ್ದಷ್ಟೂ ಒಳ್ಳೆಯದು.

ಹಂತ 6: ದುಡ್ಡು ಕೊಡುವ ಮುಂಚೆ

ನಾಲ್ಕು ಮಾತು ಬರವಣಿಗೆಯಲ್ಲಿ ಪಡೆಯಿರಿ. ಬಾಯಿಮಾತು ಬೇಡ, ವಾಟ್ಸಾಪ್ ಸಂದೇಶವಾದರೂ ಸರಿ. ಗ್ರೇಡ್ ಯಾವುದು. ಒಳವ್ಯಾಸ ಎಷ್ಟು ಮಿ.ಮೀ. ಸೈಜ್ ತಪ್ಪಿದರೆ ಎಷ್ಟು ದಿನದೊಳಗೆ ಬದಲಿಸಿಕೊಡುತ್ತೀರಿ. ಆ ಬದಲಾವಣೆಗೆ ದುಡ್ಡೆಷ್ಟು.

ಒಳಗೆ ಹೆಸರು ಕೆತ್ತಿಸುವುದನ್ನು ಮೊದಲ ಆರ್ಡರ್‌ನಲ್ಲೇ ಸೇರಿಸಬೇಡಿ. ಕೆತ್ತಿದ ಉಂಗುರವನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಒಂದು ತಿಂಗಳು ಹಾಕಿ ನೋಡಿ, ಆಮೇಲೆ ಲೇಸರ್ ಕೆತ್ತನೆ ಮಾಡಿಸಿ. ನಿಶ್ಚಿತಾರ್ಥಕ್ಕೆಂದು ಕೊಳ್ಳುವವರು ಇದನ್ನು ಒಪ್ಪುವುದಿಲ್ಲ, ತಿಂಗಳು ಮುಂಚೆ ಆರ್ಡರ್ ಮಾಡಿದರೆ ಎರಡೂ ಆಗುತ್ತದೆ.

ಪರಿಚಯದ ಲೇಥ್ ಅಂಗಡಿಯಲ್ಲಿ ಮಾಡಿಸುವ ಯೋಚನೆ ಕೆಲವರಿಗೆ ಬರುತ್ತದೆ. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಟೈಟಾನಿಯಂ ಅನ್ನು ಲೇಥ್‌ನಲ್ಲಿ ಕಡೆದು ಅಭ್ಯಾಸ ಇರುವವರಾದರೆ ಸರಿ. ಅಭ್ಯಾಸ ಇಲ್ಲದವರಿಗೆ ಕೊಡಬೇಡಿ. ಟೈಟಾನಿಯಂನ ಸಣ್ಣ ಸುರುಳಿ, ಪುಡಿಗೆ ಬೆಂಕಿ ಹತ್ತಿದರೆ ನೀರು ಹಾಕಿ ಆರಿಸುವಂತಿಲ್ಲ.

ಹಂತ 7: ಉಂಗುರ ಬಂದ ದಿನ ತೂಗಿ ನೋಡಿ

ಡಬ್ಬಿ ತೆಗೆದ ಕೂಡಲೇ ಬೆರಳಿಗೆ ಏರಿಸಬೇಡಿ. ಮೊದಲು ಅಯಸ್ಕಾಂತ. ಜೋರಾಗಿ ಅಂಟಿಕೊಂಡರೆ ಟೈಟಾನಿಯಂ ಅಲ್ಲ, ಮಾತು ಮುಗಿಯಿತು. ಅಂಟಿಕೊಳ್ಳದಿದ್ದರೆ ಇನ್ನೂ ಏನೂ ಹೇಳಲಾಗುವುದಿಲ್ಲ. ಅಡುಗೆಮನೆಯ ಒಳ್ಳೇ ಸ್ಟೀಲು ಕೂಡ ಅಯಸ್ಕಾಂತಕ್ಕೆ ಅಷ್ಟಾಗಿ ಅಂಟುವುದಿಲ್ಲ.

ಗುಟ್ಟು ಬಿಡಿಸುವುದು ಸಾಂದ್ರತೆ. ಒಣ ಉಂಗುರವನ್ನು ತಕ್ಕಡಿಯಲ್ಲಿಟ್ಟು ತೂಕ ಬರೆದುಕೊಳ್ಳಿ. ಆಮೇಲೆ ಅರ್ಧ ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ತಕ್ಕಡಿ ಎಷ್ಟು ಭಾರ ತಡೆಯುತ್ತದೆ ಎಂದು ಮೊದಲು ನೋಡಿಕೊಳ್ಳಿ, ಲೋಟ ಭಾರವಾದರೆ ಪ್ಲಾಸ್ಟಿಕ್ ಲೋಟ ಬಳಸಿ. ಉಂಗುರಕ್ಕೆ ದಾರ ಕಟ್ಟಿ, ನೀರಿನಲ್ಲಿ ಪೂರ್ತಿ ಮುಳುಗುವಂತೆ ಕೈಯಲ್ಲಿ ತೂಗುಹಾಕಿ ಹಿಡಿಯಿರಿ. ತಳಕ್ಕೂ ಬದಿಗೂ ತಾಗಬಾರದು, ಗುಳ್ಳೆ ಅಂಟಿರಬಾರದು. ಈಗ ತಕ್ಕಡಿ ತೋರಿಸುವ ಸಂಖ್ಯೆ ಉಂಗುರ ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಒಣ ತೂಕವನ್ನು ಈ ಸಂಖ್ಯೆಯಿಂದ ಭಾಗಿಸಿ.

ಉದಾಹರಣೆಗೆ ಒಣ ತೂಕ 3.10 ಗ್ರಾಂ, ನೀರಿನಲ್ಲಿ 0.70 ಬಂತು ಎನ್ನಿ. ಭಾಗಿಸಿದರೆ 4.43. ಇದು ಟೈಟಾನಿಯಂ. 4.3ರಿಂದ 4.6ರ ಒಳಗೆ ಏನು ಬಂದರೂ ಸರಿ, ಕೈ ಅಲುಗಾಟಕ್ಕೆ ಅಷ್ಟು ಬಿಡಬೇಕು. ಸುಮಾರು 8 ಬಂದರೆ ಸ್ಟೀಲು. 2.7 ಬಂದರೆ ಅಲ್ಯೂಮಿನಿಯಂ. 15ರ ಸುತ್ತ ಬಂದರೆ ಟಂಗ್‌ಸ್ಟನ್ ಕಾರ್ಬೈಡ್. ಗ್ರೇಡ್ 2ಕ್ಕೂ 5ಕ್ಕೂ ಇರುವ ವ್ಯತ್ಯಾಸ ಈ ಮನೆ ಪರೀಕ್ಷೆಗೆ ಸಿಗುವಷ್ಟು ದೊಡ್ಡದಲ್ಲ. ಹರಳು, ಮರ ಕೂರಿಸಿದ ಉಂಗುರಕ್ಕೂ ಈ ಲೆಕ್ಕ ನಡೆಯುವುದಿಲ್ಲ.

ಉಂಗುರ ತೀರಾ ಹಗುರ ಅನಿಸಿ ಗಾಬರಿಯಾಗುವವರು ಇದ್ದಾರೆ. ಆಟದ ಸಾಮಾನಿನ ಹಾಗಿದೆ, ಮೋಸ ಮಾಡಿದ್ದಾರೆ ಅಂತ. ಟೈಟಾನಿಯಂ ಇರಬೇಕಾದ್ದೇ ಹಾಗೆ. ಇದೇ ಮೂರು ಗ್ರಾಂ ಉಂಗುರವನ್ನು ಸ್ಟೀಲಿನಲ್ಲಿ ಮಾಡಿದರೆ ಐದೂವರೆ ಗ್ರಾಂ ತೂಗುತ್ತದೆ, 22 ಕ್ಯಾರೆಟ್ ಚಿನ್ನದಲ್ಲಿ ಹನ್ನೆರಡು ದಾಟುತ್ತದೆ. ಭಾರವಾಗಿದ್ದರೆ ಅನುಮಾನ ಪಡಿ.

ಕೊನೆಗೆ ಕ್ಯಾಲಿಪರ್‌ನಿಂದ ಒಳವ್ಯಾಸ ಅಳೆಯಿರಿ. ಹೇಳಿದ್ದಕ್ಕಿಂತ 0.2 ಮಿ.ಮೀ. ಮೀರಿ ವ್ಯತ್ಯಾಸ ಇದ್ದರೆ ಹಾಕದೆಯೇ ವಾಪಸ್ ಕಳಿಸಿ.

ಹಂತ 8: ಮೊದಲ ಹದಿನೈದು ದಿನ

ಹಗಲು ಮಾತ್ರ ಹಾಕಿ, ರಾತ್ರಿ ತೆಗೆದಿಡಿ. ಬದಲಿಸಿಕೊಳ್ಳುವ ಗಡುವು ಮುಗಿಯುವ ಮುಂಚೆ ಒಂದು ಸೆಕೆಯ ದಿನ, ಒಂದು ಓಡಾಟದ ದಿನ, ಒಂದು ಹಬ್ಬದೂಟದ ದಿನ ನೋಡಿಬಿಡಿ. ಪಕ್ಕದ ಬೆರಳಿನಲ್ಲಿ ಚಿನ್ನದ ಉಂಗುರ ಇದ್ದರೆ ಬೇರೆ ಕೈಗೆ ಹಾಕಿ. ಗ್ರೇಡ್ 5 ಟೈಟಾನಿಯಂ ಚಿನ್ನಕ್ಕಿಂತ ಎಷ್ಟೋ ಗಡಸು. ಎರಡೂ ದಿನವಿಡೀ ಉಜ್ಜಿಕೊಂಡರೆ ಸವೆಯುವುದು ಚಿನ್ನ.

ವಾರಕ್ಕೊಮ್ಮೆ ತೆಗೆದು, ಪಾತ್ರೆ ಸೋಪು ಹಾಕಿದ ಬೆಚ್ಚಗಿನ ನೀರಲ್ಲಿ ಹಳೇ ಹಲ್ಲುಜ್ಜುವ ಬ್ರಶ್‌ನಿಂದ ಉಜ್ಜಿ. ಸಮುದ್ರದ ನೀರು, ಈಜುಕೊಳದ ಕ್ಲೋರಿನ್ ಇದಕ್ಕೆ ಲೆಕ್ಕವಿಲ್ಲ. ತುಕ್ಕು ತೆಗೆಯುವ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ, ಅದು ಟೈಟಾನಿಯಂ ಅನ್ನು ತಿನ್ನುತ್ತದೆ. ಬಾತ್‌ರೂಮ್ ಆಸಿಡ್ ಹಿಡಿಯುವಾಗಲೂ ಉಂಗುರ ತೆಗೆದಿಡಿ, ಚರ್ಮದ ಮಟ್ಟಿಗೂ ಅದು ಒಳ್ಳೆಯದು.

ಎಚ್ಚರಿಕೆಯ ಗುರುತುಗಳು

ಉಂಗುರದಡಿಯ ಚರ್ಮ ಕೆಂಪಾಗಿ ಸಿಪ್ಪೆ ಏಳುತ್ತಿದ್ದರೆ ಕೂಡಲೇ ಲೋಹವನ್ನು ಬೈಯಬೇಡಿ. ಬಹಳ ಸಲ ಅದು ಅಡಿಯಲ್ಲಿ ನಿಂತ ಸೋಪು, ನೀರಿನ ಕೆಲಸ. ನಾಲ್ಕು ದಿನ ತೆಗೆದಿಡಿ, ಮತ್ತೆ ಹಾಕಿದಾಗ ಕೈ ತೊಳೆದು ಒರೆಸಿಕೊಳ್ಳಿ. ಆಗಲೂ ಬಂದರೆ ಏಳನೇ ಹಂತದ ತೂಕದ ಪರೀಕ್ಷೆ ಮಾಡಿದ್ದೀರಾ ನೋಡಿ, ಜೊತೆಗೆ ಚರ್ಮದ ಡಾಕ್ಟರರನ್ನು ಕಾಣಿ. ಚರ್ಮ ಹಸಿರಾದರೆ ಅನುಮಾನವೇ ಬೇಡ. ಅದು ತಾಮ್ರ ಬೆರೆತ ಬೇರೇನೋ.

ಸಂಜೆ ಹೊತ್ತಿಗೆ ಉಂಗುರದ ಮೇಲೆ ಕೆಳಗೆ ಮಾಂಸ ಉಬ್ಬಿ ನಿಲ್ಲುತ್ತಿದ್ದರೆ, ತೆಗೆಯಲು ದಿನಾ ಸೋಪು ಬೇಕಾಗುತ್ತಿದ್ದರೆ ಸೈಜ್ ತಪ್ಪಿದೆ. ಅಭ್ಯಾಸ ಆಗುತ್ತದೆ ಎಂದು ಕಾಯಬೇಡಿ, ಬದಲಿಸಿ.

ಸಿಕ್ಕಿಕೊಂಡರೆ

ಮೊದಲು ಕೈಯನ್ನು ತಲೆಗಿಂತ ಮೇಲೆ ಹತ್ತು ನಿಮಿಷ ಎತ್ತಿ ಹಿಡಿಯಿರಿ. ತಣ್ಣೀರಲ್ಲಿ ಅದ್ದಿ. ಕೊಬ್ಬರಿ ಎಣ್ಣೆಯೋ ಸೋಪೋ ಹಚ್ಚಿ, ನೇರ ಎಳೆಯದೆ ತಿರುಚುತ್ತ ತೆಗೆಯಿರಿ.

ಬರಲಿಲ್ಲವೆಂದರೆ ದಾರ. ಉದ್ದ ದಾರದ ಒಂದು ತುದಿಯನ್ನು ಉಂಗುರದಡಿ ತೂರಿಸಿ ಅಂಗೈ ಕಡೆಗೆ ತನ್ನಿ. ಇನ್ನೊಂದು ಕಡೆಯ ದಾರವನ್ನು ಉಂಗುರಕ್ಕೆ ತಾಗಿದಂತೆ ಶುರುಮಾಡಿ ಬೆರಳಿನ ಗಂಟು ದಾಟುವವರೆಗೆ ಸಂದು ಬಿಡದೆ ಬಿಗಿಯಾಗಿ ಸುತ್ತಿ. ಆಮೇಲೆ ಅಂಗೈ ಕಡೆಯ ತುದಿಯನ್ನು ಹಿಡಿದು, ಉಗುರಿನ ದಿಕ್ಕಿಗೆ ಎಳೆಯುತ್ತ ಬಿಚ್ಚುತ್ತಾ ಬನ್ನಿ. ದಾರ ಬಿಚ್ಚಿದಷ್ಟೂ ಉಂಗುರ ಮುಂದೆ ಸರಿಯುತ್ತದೆ. ನೋಯುತ್ತದೆ, ಆದರೆ ಕೆಲಸ ಮಾಡುತ್ತದೆ. ಬೆರಳಿಗೆ ಗಾಯವಾಗಿದ್ದರೆ, ಮೂಳೆ ಮುರಿದ ಅನುಮಾನ ಇದ್ದರೆ ದಾರದ ಸಹವಾಸ ಬೇಡ.

ಬೆರಳು ನೀಲಿಗಟ್ಟಿದರೆ, ಜೋಮು ಹಿಡಿದರೆ ಮನೆಯ ಪ್ರಯತ್ನ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಟೈಟಾನಿಯಂ ಕತ್ತರಿಸಲು ಆಗುವುದಿಲ್ಲ, ಬೆರಳನ್ನೇ ತೆಗೆಯುತ್ತಾರೆ ಎಂಬ ಮಾತು ಸುಳ್ಳು. ಆದರೆ ಚಿನ್ನದ ಉಂಗುರ ಕತ್ತರಿಸುವ, ಕೈಯಲ್ಲಿ ತಿರುಗಿಸುವ ಪುಟ್ಟ ಗರಗಸ ಇದರ ಮುಂದೆ ಸೋಲಬಹುದು. ವಿದ್ಯುತ್ ಕಟ್ಟರ್ ಬೇಕಾಗುತ್ತದೆ. ಒಂದು ಕಡೆ ಕತ್ತರಿಸಿದರೆ ಚಿನ್ನದ ಹಾಗೆ ಅಗಲಿಸಲು ಬರುವುದಿಲ್ಲ, ಹೆಚ್ಚಾಗಿ ಎದುರು ಬದುರು ಎರಡು ಕಡೆ ಕತ್ತರಿಸಬೇಕು. ಕತ್ತರಿಸುವಾಗ ಕಾಯುತ್ತದೆ, ನೀರು ಬಿಡುತ್ತಿರಬೇಕು. ಹಾಗಾಗಿ ಬಾಗಿಲಲ್ಲೇ "ಇದು ಟೈಟಾನಿಯಂ ಉಂಗುರ" ಎಂದು ಹೇಳಿಬಿಡಿ, ಗ್ರೇಡ್ ಬರೆದ ಬಿಲ್ಲಿನ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡಿರಿ. ಸುಮ್ನೆ ಸ್ಟೀಲಿನದು ಅಂದುಕೊಂಡು ಶುರು ಮಾಡಿದರೆ ಅರ್ಧ ಗಂಟೆ ಅಲ್ಲೇ ಹೋಗುತ್ತದೆ.